ಡೆಕ್ಲನ್ ಮದುವೆಗೆ ನನ್ನ ವೋಟು

ಐರಿಷ್ ಪೌರತ್ವ ಸಿಕ್ಕ ಮೇಲೆ ನಾನು ಹಾಕಿದ ಮೊದಲ ವೋಟು ಎದುರುಮನೆಯವನ ಮದುವೆಗೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೇ ಎಂದು ಸರ್ಕಾರ ಇಡೀ ದೇಶವನ್ನು ಕೇಳಿತ್ತು. ಕ್ಲಾಂಡಾಲ್ಕಿನ್‌ನ ನಮ್ಮ ಬೀದಿಯಲ್ಲಿ ಎದುರುಮನೆಯ ಡೆಕ್ಲನ್ ಮನೆಮನೆಗೆ ಹೋಗಿ ವೋಟು ಕೇಳುತ್ತಿದ್ದ. ನಮ್ಮ ಬಾಗಿಲಿಗೂ ಬಂದ.

“ಶುಕ್ರವಾರ ‘ಹೌದು’ ಅಂತ ವೋಟು ಹಾಕಿ. ನಾನು, ನನ್ನ ಸಂಗಾತಿ ಪಾಲ್ ಮದುವೆಯಾಗಬೇಕು,” ಎಂದ. ಮುಖ ಕೆಂಪಾಗಿತ್ತು.

ನನ್ನ ಹೆಂಡತಿ ಅವನನ್ನು ಕೂರಿಸಿ ಟೀ ಕೊಟ್ಟಳು. “ಎಷ್ಟು ವರ್ಷದಿಂದ ಒಟ್ಟಿಗಿದ್ದೀರಿ?”

“ಹದಿನೆಂಟು.”

“ಅಯ್ಯೋ! ನಾವಿಬ್ಬರು ಹದಿನೈದು ನಿಮಿಷ ಮಾತಾಡಿದ್ದಕ್ಕೇ ಮದುವೆ ಮಾಡಿಬಿಟ್ಟರು.”

“ವೋಟಿಲ್ಲದೆ?”

“ಇತ್ತಲ್ಲ! ಅಪ್ಪ, ದೊಡ್ಡಪ್ಪ, ಸೋದರಮಾವ, ಜೋಯಿಸರು, ಎಲ್ಲರೂ ಹಾಕಿದರು. ನಮ್ಮಿಬ್ಬರಿಗೆ ಮಾತ್ರ ಇರಲಿಲ್ಲ.”

ಡೆಕ್ಲನ್ ನಕ್ಕು, ಪಕ್ಕದ ಮನೆಯ ಬೆಲ್ ಒತ್ತಲು ಎದ್ದ. ಯೋಚಿಸಿ ನೋಡುತ್ತೇವೆ ಎಂದರಂತೆ ಅವರು.

‘ಹೌದು’ ಗೆದ್ದಿತು. ಡೆಕ್ಲನ್ ಥ್ಯಾಂಕ್ಸ್ ಹೇಳಲು ಬಂದ. ಐವತ್ತು ದಾಟಿದ ಮನುಷ್ಯ, ಮದುವೆಯಾಗಲು ಬಿಟ್ಟಿದ್ದಕ್ಕೆ ನನಗೆ ಥ್ಯಾಂಕ್ಸ್ ಹೇಳುತ್ತಿದ್ದಾನೆ! ನಾಚಿಕೆಯಾಯಿತು. ಆದರೂ ದೊಡ್ಡ ಉಪಕಾರ ಮಾಡಿದವನ ಹಾಗೆ, “ಪರವಾಗಿಲ್ಲ” ಎಂದೆ.

ಅವನು ಹೋದ ಮೇಲೆ ಹೆಂಡತಿ ಹೇಳಿದಳು: “ಕೈಯೆತ್ತಿ ಆಶೀರ್ವಾದ ಮಾಡೋದೊಂದು ಬಾಕಿ ಇತ್ತು.”