ಕಾಕಾನ ಶೆಡ್ಡಿನಲ್ಲಿ ಹದಿನಾಲ್ಕು ತಿಂಗಳು

ಇಪ್ಪತ್ತಾರು ವರ್ಷ ತುಂಬುವವರೆಗೆ ನನ್ನ ಕೈಯಿಂದ ಒಂದು ವಸ್ತುವೂ ತಯಾರಾಗಿರಲಿಲ್ಲ. ಸಿಕಂದರಾಬಾದಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ತುಂಬಿದ ಅರ್ಜಿಗಳಿಗೆ ಸೀಲು ಹೊಡೆಯುವುದು, ಪಿನ್ನು ಹಾಕುವುದು, ಮತ್ತೆ ಸೀಲು ಹೊಡೆಯುವುದು. ಮನೆಯಲ್ಲಿ ಫ್ಯೂಜ್ ಹೋದರೆ ಪಕ್ಕದ ಮನೆಯವರನ್ನು ಕರೆಯುವ ವಂಶ ನಮ್ಮದು. ಅಜ್ಜ ಕಲಬುರಗಿ ಕಡೆಯಿಂದ ಬಂದು ನಿಜಾಮರ ಕಾಲದಲ್ಲಿ ಕಾರಕೂನರಾದವರು, ಅಪ್ಪ ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಇಡೀ ಮನೆತನದಲ್ಲಿ ಕೈಗೆ ಗ್ರೀಸು ಹತ್ತಿಸಿಕೊಂಡವರು ಒಬ್ಬರೇ. ಅವರು ನಮ್ಮ ಕಾಕಾ.

ಕಾಕಾ ಅಪ್ಪನ ಸ್ವಂತ ತಮ್ಮ. ಕುಷಾಯಿಗೂಡದ ದೊಡ್ಡ ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದು, ಬೇಗನೇ ನಿವೃತ್ತಿ ತೆಗೆದುಕೊಂಡು, ಮನೆಗೆ ಅಂಟಿಕೊಂಡ ಹಾಗೆ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಮಕ್ಕಳಿರಲಿಲ್ಲ. ನನ್ನ ಮೂರು ಗಾಲಿಯ ಸೈಕಲ್ಲಿನಿಂದ ಹಿಡಿದು ಅಮ್ಮನ ಮಿಕ್ಸಿಯವರೆಗೆ ಅವರ ಕೈಯಲ್ಲಿ ಸರಿಹೋಗದ ವಸ್ತುವನ್ನು ನಾನು ಕಂಡಿರಲಿಲ್ಲ. ಅಪ್ಪ ಹೇಳಿದ್ದನ್ನು ಎರಡು ಸಲ ಯೋಚಿಸಿ ನಂಬುತ್ತಿದ್ದೆ, ಕಾಕಾ ಹೇಳಿದ್ದನ್ನು ಹೇಳುವ ಮೊದಲೇ ನಂಬುತ್ತಿದ್ದೆ.

ಆಗಿನ್ನೂ ಆಂಧ್ರಪ್ರದೇಶ ಒಂದೇ ಆಗಿತ್ತು. ನಮ್ಮ ಕಾಚಿಗೂಡದ ಗಲ್ಲಿಯ ಇಂಟರ್ನೆಟ್ ಅಂಗಡಿಯಲ್ಲಿ ಒಂದು ದಿನ ಬಾಬರ್ ಬೈಕಿನ ಚಿತ್ರ ಕಣ್ಣಿಗೆ ಬಿತ್ತು. ಬಾಬರ್ ಎಂದರೆ ಮೈಮೇಲಿನ ಹೆಚ್ಚುವರಿಯನ್ನೆಲ್ಲ ಕಿತ್ತೊಗೆದ ಮೋಟಾರ್ ಸೈಕಲ್. ಮುಂದೆ ಮಡ್‌ಗಾರ್ಡ್ ಇಲ್ಲ, ಹಿಂದಿನದು ಮೊಟಕು. ತಗ್ಗಾದ ಹ್ಯಾಂಡಲ್, ದಪ್ಪ ಟೈರು, ಕೆಳಗೆ ಸ್ಪ್ರಿಂಗ್ ಇರುವ, ಒಬ್ಬರೇ ಕೂರುವ ಸಣ್ಣ ಸೀಟು. ಅಂಗಡಿಯಲ್ಲಿ ಸಿಗುವ ಬೈಕ್ ಅಲ್ಲ ಅದು, ಹಳೆಯ ಬೈಕನ್ನು ಕೊಯ್ದು, ಬೆಸೆದು ಕೈಯಾರೆ ಮಾಡಿಕೊಳ್ಳಬೇಕು. ಆ 'ಕೈಯಾರೆ' ಎನ್ನುವುದೇ ನನ್ನನ್ನು ಹಿಡಿದದ್ದು. ಗಲ್ಲಿಯ ತುದಿಯಲ್ಲಿ ತುಕ್ಕು ಹಿಡಿದು ನಿಂತಿದ್ದ ಒಂದು ಮುನ್ನೂರೈವತ್ತು ಸಿಸಿ ಗಾಡಿಯನ್ನು ಅದರ ಯಜಮಾನರಿಂದ ಕೊಂಡು, ಒಂದು ರವಿವಾರ ಟ್ರಾಲಿ ಆಟೋದಲ್ಲಿ ಹೇರಿಕೊಂಡು ಕಾಕಾನ ಶೆಡ್ಡಿಗೆ ಹೊರಟೆ.

ಅಪ್ಪ ರಂಪ ಮಾಡುತ್ತಾರೆ ಎಂದುಕೊಂಡಿದ್ದೆ. ಮೋಟಾರ್ ಸೈಕಲ್ ಎಂದರೆ ಅವರಿಗೆ ಆಸ್ಪತ್ರೆಯ ಇನ್ನೊಂದು ಹೆಸರು. ಆದರೆ ಅವತ್ತು ಪೇಪರಿನಿಂದ ತಲೆ ಎತ್ತಿ, "ಮಾಡು. ಆದ್ರ ಏನ್ ಮಾಡಿದ್ರೂ ಕಾಕಾನ ಕೇಳೇ ಮಾಡು," ಎಂದಷ್ಟೇ ಹೇಳಿದರು. ಇಷ್ಟು ಒಳ್ಳೆಯ ಅಪ್ಪ ನನಗಿದ್ದಾರೆಂದು ಅಂದೇ ಗೊತ್ತಾದದ್ದು. ಸಂತೋಷಕ್ಕೆ ಅವರ ಕಾಲಿಗೂ ಬಿದ್ದೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೊದಲ ಎರಡು ತಿಂಗಳು ಸ್ವರ್ಗ. ಗಾಡಿಯನ್ನು ಪೂರ್ತಿ ಬಿಚ್ಚಿದೆವು. ಯಾವ ನಟ್ಟು ಎಲ್ಲಿಯದು ಎಂದು ಕಾಕಾ ಹಳೆಯ ಬಿಸ್ಕೆಟ್ ಡಬ್ಬಿಗಳ ಮೇಲೆ ಚೀಟಿ ಅಂಟಿಸುವುದನ್ನು ಕಲಿಸಿದರು. ಉಕ್ಕು ಕೊಯ್ಯುವ ಹ್ಯಾಕ್ಸಾ ಗರಗಸ ಹಿಡಿಯುವುದು, ಅರದಿಂದ ಉಜ್ಜುವುದು, ವೆಲ್ಡಿಂಗ್ ರಾಡನ್ನು ಎಷ್ಟು ದೂರ ಹಿಡಿದರೆ ಲೋಹ ಸಮನಾಗಿ ಹರಿಯುತ್ತದೆ ಎನ್ನುವುದು, ಎಲ್ಲವೂ ಅವರೇ ಹೇಳಿಕೊಟ್ಟದ್ದು. ದಪ್ಪ ಪೈಪು ಕೊಯ್ಯುವಂಥ, ಬಗ್ಗಿಸುವಂಥ ಕೆಲಸವಿದ್ದರೆ ಮಾತ್ರ ಪಕ್ಕದ ರಸ್ತೆಯ ವೆಲ್ಡಿಂಗ್ ಮಿಸ್ತ್ರಿಯನ್ನು ಕರೆಯುತ್ತಿದ್ದೆವು. ಐವತ್ತು ದಾಟಿದ, ಮಾತು ಕಡಿಮೆಯ ಮುಸಲ್ಮಾನರು. ಅವರೊಂದಿಗೆ ನಮ್ಮದು ಹಿಂದಿ. ಅವರ ಬಗ್ಗೆ ಮಾತನಾಡುವಾಗ ಕನ್ನಡ. ಹೈದರಾಬಾದಿನಲ್ಲಿ ನಮ್ಮ ಮಂದಿಯ ಚಾಳಿಯೇ ಅದು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಯಾರ ಎದುರಿಗೆ ಬೇಕಾದರೂ ಕನ್ನಡಕ್ಕೆ ಹೊರಳಿಬಿಟ್ಟರೆ ಬಾಗಿಲು ಹಾಕಿಕೊಂಡ ಹಾಗೆ ಎಂದು ತಿಳಿದಿದ್ದೆವು.

ಮೂರನೆಯ ತಿಂಗಳಿನಿಂದ ಎಲ್ಲ ಕೆಡಲು ಶುರುವಾಯಿತು. ನಾನು ಅಳತೆ ಮಾಡಿ ಕೂರಿಸಿದ ಹಿಂದಿನ ಚಕ್ರ ಮುಂದಿನ ರವಿವಾರ ನೋಡಿದರೆ ಎರಡು ಮಿಲಿಮೀಟರ್ ಎಡಕ್ಕೆ. ಚೈನು ಸೊಟ್ಟ. ಬಿಚ್ಚಿ ಮತ್ತೆ ಕೂರಿಸಿದರೆ ಈ ಸಲ ಬಲಕ್ಕೆ. ಸ್ಪಾರ್ಕ್ ಪ್ಲಗ್ಗಿನಲ್ಲಿ ಒಂದು ವಾರ ಸರಿಯಾಗಿ ಬಂದಿದ್ದ ಕಿಡಿ ಮರುವಾರ ಇಲ್ಲ. ಕಾರ್ಬ್ಯುರೇಟರನ್ನು ಕಾಕಾ ಯಾರೋ ಗೆಳೆಯನಿಗೆ ತೊಳೆಯಲು ಕೊಟ್ಟರು, ಆ ಗೆಳೆಯ ಎರಡು ತಿಂಗಳು ಊರಲ್ಲೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಸೀಟಿನ ಬ್ರಾಕೆಟ್. ಫ್ರೇಮಿಗೆ ಸೀಟನ್ನು ಹಿಡಿದಿಡುವ ಅಂಗೈಯಷ್ಟು ಉಕ್ಕಿನ ಪಟ್ಟಿ. ನಾನೇ ಕೊಯ್ದು, ನಾನೇ ವೆಲ್ಡ್ ಮಾಡಿದ್ದೆ. ಮೊದಲ ಸಲ ಕೂತಾಗಲೇ ಅದು ಲಟಕ್ ಎಂದು ಮುರಿದು ನಾನು ನೆಲಕ್ಕೆ ಬಿದ್ದೆ.

ಕಾಕಾ ನನ್ನನ್ನು ಎಬ್ಬಿಸಿ, ಪ್ಯಾಂಟಿನ ಧೂಳು ಕೊಡವಿ, "ಹೊಸಬ ಅದೀ ತಮ್ಮಾ, ಕೈ ಪಳಗಬೇಕು," ಎಂದರು. ಅದೇ ಮಾತು ಚಕ್ರಕ್ಕೂ, ಅದೇ ಮಾತು ಕಿಡಿಗೂ. ಬೈದಿದ್ದರೆ ಚೆನ್ನಾಗಿತ್ತು. ಅವರು ಯಾವತ್ತೂ ಬೈಯಲಿಲ್ಲ. ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿನಿಂದ ರೊಟ್ಟಿ, ಶೇಂಗಾ ಹಿಂಡಿ ಕಳಿಸುತ್ತಿದ್ದರು. ತಿಂದು, ಕೈ ತೊಳೆದು, ಸಂಜೆಯ ಬಸ್ಸಿನಲ್ಲಿ ಸಿಕಂದರಾಬಾದಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮನೆಗೆ ಬರುವಾಗ ನನ್ನ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದೆ. ಇವು ಸೀಲು ಹೊಡೆಯಲಿಕ್ಕೆ ಹುಟ್ಟಿದ ಕೈಗಳು, ಅಜ್ಜನ ಕೈಗಳು, ಅಪ್ಪನ ಕೈಗಳು ಎಂದು ನನಗೆ ಖಾತ್ರಿಯಾಗತೊಡಗಿತು. ಕಚೇರಿಯಲ್ಲಿ ಚಹಾದ ಲೋಟ ಹಿಡಿಯುವಾಗಲೂ ಎಲ್ಲಿ ಬೀಳಿಸುತ್ತೇನೋ ಎನ್ನುವ ಅಳುಕು. ಹಾಗೆ ಒಂದು ವರ್ಷ ಕಳೆಯಿತು. ಬ್ರಾಕೆಟ್ ಎರಡನೆಯ ಸಲವೂ ಮುರಿಯಿತು. ಆಮೇಲೆ ಮೂರನೆಯ ಸಲ.

ಮೂರನೆಯ ಸಲ ಮುರಿದಾಗ ಕಾಕಾ ಶೆಡ್ಡಿನ ಕೀಲಿಕೈಯನ್ನು ಕಾಕು ಹತ್ತಿರ ಬಿಟ್ಟು ಒಂದು ಮದುವೆಗೆಂದು ಕಲಬುರಗಿಗೆ ಹೋಗಿದ್ದರು. ಮುರಿದ ಎರಡು ತುಂಡು ಹಿಡಿದು ನಾನೇ ಮಿಸ್ತ್ರಿಯ ಅಂಗಡಿಗೆ ಹೋದೆ. ನನ್ನ ವೆಲ್ಡಿಂಗ್ ಸರಿಯಿಲ್ಲ, ಇದನ್ನಾದರೂ ನೀವೇ ಮಾಡಿಕೊಡಿ ಎಂದು ಹಿಂದಿಯಲ್ಲಿ ಕೇಳಿದೆ. ಅವರು ತುಂಡುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಇದು ಮುರದದ್ದಲ್ಲ, ಸಾಬ್. ಕೊಯ್ದದ್ದು," ಎಂದರು.

ಶುದ್ಧ ಕನ್ನಡದಲ್ಲಿ. ನನಗೆ ಮಾತಿನ ಅರ್ಥಕ್ಕಿಂತ ಮೊದಲು ಭಾಷೆಯೇ ಬಂದು ಬಡಿಯಿತು. ಈ ಮನುಷ್ಯನ ಎದುರಿಗೆ ನಿಂತು, ಇವರು ಸೋಮಾರಿ, ಹೇಳಿದ ಹೊತ್ತಿಗೆ ಬರುವುದಿಲ್ಲ, ಒಂದು ಕಣ್ಣು ಇವರ ಮೇಲೆ ಇರಲಿ ಎಂದೆಲ್ಲ ನಾನು ಎಷ್ಟು ಸಲ ಆರಾಮಾಗಿ ಹೇಳಿದ್ದೆನೋ! ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ನಿಮಗ ಕನ್ನಡ ಬರ್ತದೇನ್ರಿ?"

"ನಾ ಬೀದರ್ ಕಡ್ಯಾಂವ. ನಮ್ಮೂರಾಗ ಎಲ್ಲಾರಿಗೂ ಬರ್ತದ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ," ಎಂದು ಅವರು ಬೆರಳಿನ ಉಗುರನ್ನು ಉಕ್ಕಿನ ಅಂಚಿನಲ್ಲಿ ಎಳೆದು ತೋರಿಸಿದರು. "ತಾನಾಗಿ ಒಡದ್ರ ಸೀಳು ಸೊಟ್ಟ ಹೋಗ್ತದ. ಇದು ನೋಡ್ರಿ, ಮುಕ್ಕಾಲು ಭಾಗ ಗೆರಿ ಹೊಡದಂಗ ಅದ. ಕೆಳಗಿಂದ ಹ್ಯಾಕ್ಸಾ ಹಾಕ್ಯಾರ. ಉಳಿದ ಕಾಲು ಭಾಗ ನಿಮ್ಮ ಭಾರಕ್ಕ ಮುರದದ. ನಿಮ್ಮ ವೆಲ್ಡಿಂಗ್ ಹಂಗೇ ಗಟ್ಟಿ ಅದ."

ಯಾರು ಕೊಯ್ದರು ಎಂದು ಕೇಳಿದೆ. ಕೇಳುವಾಗಲೇ ಬೇಡವಾಗಿತ್ತು ಅನಿಸಿತು. ಆ ಶೆಡ್ಡಿನ ಕೀಲಿಕೈ ವಾರವೆಲ್ಲ ಇರುತ್ತಿದ್ದದ್ದು ಒಬ್ಬರ ಹತ್ತಿರ ಮಾತ್ರ.

ಮಿಸ್ತ್ರಿ ತಡೆತಡೆದು ಹೇಳಿದರು. ನಾನು ಒಂದು ರವಿವಾರ ಬೇರಿಂಗ್ ತರಲು ರಾಣಿಗಂಜಿಗೆ ಹೋಗಿದ್ದಾಗ ಅಪ್ಪ ಶೆಡ್ಡಿಗೆ ಬಂದಿದ್ದರಂತೆ. ಮೂಲೆಯಲ್ಲಿ ಮಿಸ್ತ್ರಿ ಪೈಪು ಬಗ್ಗಿಸುತ್ತ ಕೂತಿದ್ದರು. ಅಣ್ಣತಮ್ಮಂದಿರು ಎಂದಿನಂತೆ ಕನ್ನಡದ ಬಾಗಿಲು ಹಾಕಿಕೊಂಡು ಮಾತನಾಡಿದರು. ಗಾಡಿ ಆಗದ ಹಾಗೆ ಇನ್ನೂ ಎಷ್ಟು ದಿನ ತಡೆಯುತ್ತೀ ಎಂದು ಅಪ್ಪ ಕೇಳಿದರಂತೆ. ಇನ್ನೂ ಆರು ತಿಂಗಳು ಎಳೆಯಬಹುದು, ಅಷ್ಟರಲ್ಲಿ ಹುಡುಗನಿಗೇ ಬೇಸರ ಬರುತ್ತದೆ ಎಂದು ಕಾಕಾ ಹೇಳಿದರಂತೆ.

ಅಪ್ಪನ ಕೆಲಸದ ರೀತಿ ಗೊತ್ತಿದ್ದ ನನಗೆ ಅದು ಮೊದಲೇ ಹೊಳೆಯಬೇಕಿತ್ತು. ಕಚೇರಿಯಲ್ಲಿ ಅಪ್ಪ ಯಾರ ಫೈಲನ್ನೂ ತಿರಸ್ಕರಿಸಿದವರಲ್ಲ, ಅದು ಅವರ ಹೆಮ್ಮೆ. ತಿರಸ್ಕರಿಸಿದರೆ ಮನುಷ್ಯ ಜಗಳಕ್ಕೆ ಬರುತ್ತಾನೆ, ಮೇಲಿನವರ ಹತ್ತಿರ ಹೋಗುತ್ತಾನೆ. ಅದಕ್ಕೆ ಒಂದು ಕ್ವೆರಿ ಹಾಕಿ ವಾಪಸ್ ಕಳಿಸುವುದು. ಅವನು ಉತ್ತರ ತಂದರೆ ಇನ್ನೊಂದು ಕ್ವೆರಿ. ಕೊನೆಗೆ ಅವನೇ ಸುಸ್ತಾಗಿ ಫೈಲನ್ನು ಮರೆಯುತ್ತಾನೆ, ಬೈದುಕೊಳ್ಳುವುದಿದ್ದರೆ ತನ್ನ ಕಾಗದಪತ್ರಗಳನ್ನೇ ಬೈದುಕೊಳ್ಳುತ್ತಾನೆ. ನನ್ನ ಬಾಬರ್ ಅಪ್ಪನ ಮೇಜಿನ ಮೇಲಿನ ಒಂದು ಫೈಲಾಗಿತ್ತು. ಕ್ವೆರಿ ಹಾಕುವ ಕೆಲಸ ಮಾತ್ರ ಕಾಕಾನದು.

ಮನೆಗೆ ಹೋಗಿ ಅಪ್ಪನ ಮೇಲೆ ಕೂಗಾಡಿದೆ. ಅವರು ಅಲುಗಾಡಲಿಲ್ಲ. "ನಾ ನಿನಗ ಬ್ಯಾಡ ಅಂದೀನೇನು? ಅಂದಿದ್ರ ಸಾಲಾ ಮಾಡಿ ಹೊಸಾದ್ ತರ್ತಿದ್ದಿ, ಮರುದಿವಸ ಲಾರಿ ಕೆಳಗ ಹೋಗ್ತಿದ್ದಿ. ಒಂದ್ ವರ್ಷ ಜೀವಂತ ಉಳದೀ ಇಲ್ಲೋ?" ಎಂದರು. ಅಪ್ಪನ ಮೇಲಿನ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ಅವರಿಂದ ನಾನು ಹೆಚ್ಚಿನದನ್ನೇನೂ ಬಯಸಿರಲಿಲ್ಲ.

ಕಾಕಾ ಮದುವೆಯಿಂದ ಬಂದ ಮೇಲೆ ಹೋದೆ. ಬ್ರಾಕೆಟಿನ ಎರಡು ತುಂಡುಗಳನ್ನು ಅವರ ಮುಂದೆ ಬೆಂಚಿನ ಮೇಲಿಟ್ಟೆ. ಕೊಯ್ದ ಅಂಚು ಮೇಲೆ ಬರುವ ಹಾಗೆ. ಅವರು ಅದನ್ನು ಒಂದು ಸಲ ನೋಡಿದರು, ಎರಡನೆಯ ಸಲ ನೋಡಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅಣ್ಣ ಕೈ ಮುಗದ ಕೇಳಿದ," ಎಂದರು.

"ನಾನೂ ನಿಮ್ಮನ್ನ ಕೇಳಿದ್ನಲ್ಲ ಕಾಕಾ. ನನ್ನ ಕೈಯಾಗ ಏನ್ ತಪ್ಪ ಐತಿ ಅಂತ ವಾರಾ ವಾರಾ ಕೇಳಿದ್ನಲ್ಲ. ಹೊಸಬ ಅದೀ ಅಂದ್ರಿ. ಗಾಡಿ ಬ್ಯಾಡ ಅನ್ರಿ, ಕೀಲಿ ಕೊಡಂಗಿಲ್ಲ ಅನ್ರಿ, ಕಪಾಳಕ್ಕ ಹೊಡೀರಿ. ನನಗ ಕೆಲಸಾ ಬರಂಗಿಲ್ಲ ಅಂತ ಯಾಕ ನಂಬಸಿದ್ರಿ?"

ಇಪ್ಪತ್ತೇಳರ ಗಂಡಸು, ಶೆಡ್ಡಿನ ಮಧ್ಯೆ ನಿಂತು ಅತ್ತುಬಿಟ್ಟೆ. ಕಾಕಾ ಬೆಂಚಿನ ಅಂಚನ್ನು ಹಿಡಿದುಕೊಂಡೇ ಇದ್ದರು.

"ನಿನ್ನ ಕೈ ಭಾಳ ಛಲೋ ಐತಿ, ತಮ್ಮಾ. ನನ್ನಕಿಂತ ಛಲೋ. ಕೆಟ್ಟಿದ್ರ ನಾ ಯಾಕ ಕೆಡಸಬೇಕಿತ್ತು? ತಾನ ಕೆಡ್ತಿತ್ತಲ್ಲ," ಎಂದರು.

ಹದಿನಾಲ್ಕು ತಿಂಗಳು ನಾನು ಕಾದಿದ್ದ ಮಾತು ಅದು. ಕಾಕಾನ ಬಾಯಿಂದ ಇದೊಂದು ಕೇಳಿದರೆ ಸಾಕು, ಗಾಡಿ ಓಡದಿದ್ದರೂ ನಡೆದೀತು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಅವರು ಹೇಳಿದರು, ನಾನು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾರೋ, ನಿಜವೋ, ಇದರ ಕೆಳಗೂ ಎಲ್ಲಾದರೂ ಹ್ಯಾಕ್ಸಾ ಹಾಕಿದ್ದಾರೋ ಎಂದು ಅವರ ಮುಖವನ್ನೇ ನೋಡುತ್ತ ನಿಂತೆ. ನಂಬುವುದು ನನ್ನ ಕೈಲಾಗಲಿಲ್ಲ.

ಅಂದೇ ಗಾಡಿಯನ್ನು ಮಿಸ್ತ್ರಿಯ ಅಂಗಡಿಗೆ ತಳ್ಳಿಕೊಂಡು ಹೋದೆ. ಹಿಂದಿನಿಂದ ಕಾಕು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು, ತಿರುಗಿ ನೋಡಲಿಲ್ಲ. ಮಿಸ್ತ್ರಿ ಯಾವುದಕ್ಕೂ ಕೈ ಹಾಕಲಿಲ್ಲ. ತಮ್ಮ ಸ್ಟೂಲಿನ ಮೇಲೆ ಕೂತು ನೋಡಿದರು, ಅಷ್ಟೇ. ಬ್ರಾಕೆಟ್ ನಾನೇ ಮಾಡಿದೆ. ಚಕ್ರ ನಾನೇ ಕೂರಿಸಿದೆ, ವಾರ ಬಿಟ್ಟು ನೋಡಿದರೆ ಕೂರಿಸಿದಲ್ಲೇ ಇತ್ತು. ಹದಿನಾಲ್ಕು ತಿಂಗಳಲ್ಲಿ ಆಗದ ಗಾಡಿ ಮೂರು ರವಿವಾರದಲ್ಲಿ ಎದ್ದು ನಿಂತಿತು. ಮೊದಲ ಸಲ ಎಂಜಿನ್ ಹತ್ತಿಕೊಂಡಾಗ ಮಿಸ್ತ್ರಿ "ಮಾಷಾಲ್ಲಾ" ಎಂದರು. ನನಗೆ ಖುಷಿಯಾಗಬೇಕಿತ್ತು. ಆ ಶಬ್ದ ಕೇಳಲು ಪಕ್ಕದಲ್ಲಿ ಯಾರಿರಬೇಕೆಂದು ಇಷ್ಟು ದಿನ ಬಯಸಿದ್ದೆನೋ, ಅವರು ಇರಲಿಲ್ಲ. ಆ ಸಂಕಟಕ್ಕೆ ಇನ್ನೂ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಗಾಡಿಯನ್ನು ಕಾಕಾನ ಮನೆಗೆ ಓಡಿಸಿದೆ. ತೋರಿಸಬೇಕಿತ್ತು, ಉರಿಸಬೇಕಿತ್ತು. ಸದ್ದು ಕೇಳಿ ಅವರು ಲುಂಗಿಯಲ್ಲೇ ಗೇಟಿಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಸೀಟಿನ ಹಿಂದೆ ಬಗ್ಗಿ ನನ್ನ ವೆಲ್ಡಿಂಗ್ ನೋಡಿದರು. ಅವರ ಮುಖದಲ್ಲಿ ಒಂದು ಬೆಳಕು ಬಂತು, ಅದನ್ನು ನಾನು ಕಂಡೆ, ಕಂಡೂ ಕಾಣದವನಂತೆ ನಿಂತೆ. ಅವರು ಕೈ ಚಾಚಿ ಆ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಲು ಹೋದರು.

"ಮುಟ್ಟಬ್ಯಾಡ್ರಿ, ಕಾಕಾ," ಎಂದೆ.

ಅವರ ಕೈ ಅಲ್ಲೇ ನಿಂತಿತು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಾನು ಹೊರಡುವವರೆಗೆ ಹಾಗೆಯೇ ನಿಂತಿದ್ದರು.