ಅಣ್ಣನ ಕೊನೆಯ ಘಾಣಾ

ಅಣ್ಣ ತೀರಿಕೊಂಡ ಹದಿನೈದನೆಯ ದಿನ ಕೆಲಸಕ್ಕೆ ಹೋದೆ. ಆಂಟಾಪ್ ಹಿಲ್‌ನಿಂದ ಸ್ಟೇಷನ್‌ಗೆ ನಡೆದು ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಚೆಂಬೂರಿನ ಆಚೆ ಇಳಿಯಬೇಕು. ಏಳು ವರ್ಷ ನಾವಿಬ್ಬರೂ ಒಂದೇ ಗಾಡಿಗೆ ಹೋಗುತ್ತಿದ್ದೆವು. ಅವನು ಜನರಲ್ ಡಬ್ಬಿ, ನಾನು ಲೇಡೀಸ್. ಇಳಿದ ಮೇಲೆ ಮೆಟ್ಟಿಲ ಹತ್ತಿರ ಯಾರು ಮೊದಲು ಬರುತ್ತಾರೋ ಅವರು ಕಾಯುವುದು. ಅಂದೂ ಸ್ವಲ್ಪ ಹೊತ್ತು ನಿಂತೆ. ಆಮೇಲೆ ನೆನಪಾಗಿ ನಡೆದೆ.

ನಮ್ಮ ಕಾರ್ಖಾನೆಯಲ್ಲಿ ಟೈಟಾನಿಯಂ ಮಿಶ್ರಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಗಾಳಿ ತೆಗೆದ ಭಟ್ಟಿಯಲ್ಲಿ ಕಾಯಿಸಿ ಯಂತ್ರದ ಭಾಗಗಳನ್ನು ಮಾಡುತ್ತಾರೆ. ಪುಡಿ ಕರಗುವುದಿಲ್ಲ, ಕಣಕ್ಕೆ ಕಣ ಅಂಟಿ ಗಟ್ಟಿಯಾಗುತ್ತದೆ. ಪುಡಿ ಒಂದೇ ಆದರೂ ತಣಿಸುವ ರೀತಿಯಂತೆ ಒಳಗಿನ ರಚನೆ ಬೇರೆಯಾಗುತ್ತದೆ. ಆರ್ಗಾನ್ ಗ್ಯಾಸ್ ಬಿಟ್ಟು ಬೇಗ ತಣಿಸಿದರೆ ಸೂಕ್ಷ್ಮದರ್ಶಕದಲ್ಲಿ ಸಣ್ಣ ಸೂಜಿಗಳು ಹೆಣೆದುಕೊಂಡಂತೆ ಕಾಣುತ್ತದೆ. ಭಟ್ಟಿಯಲ್ಲೇ ತಾನಾಗಿ ತಣಿದರೆ ದಪ್ಪ ಪಟ್ಟಿಗಳು. ಬಿರುಕು ಬೇಗ ಹಬ್ಬಬಾರದೆಂದು ದಪ್ಪದ್ದನ್ನೇ ಕೇಳುವ ಗಿರಾಕಿಗಳಿದ್ದಾರೆ. ದಿನವಿಡೀ ಅದುರುವ ಯಂತ್ರಕ್ಕೆ ಮಾತ್ರ ಸಣ್ಣದೇ ಬೇಕು.

ಭಟ್ಟಿ ಅಣ್ಣನದು. ತುಂಡು ಕತ್ತರಿಸಿ, ಉಜ್ಜಿ ಹೊಳಪು ಮಾಡಿ, ಆಸಿಡ್ ಹಚ್ಚಿ ನೋಡುವ ಕೆಲಸ ನನ್ನದು. ಭಟ್ಟಿಗೆ ಒಂದು ಸಲ ಹಾಕುವ ಮಾಲಿಗೆ ನಮ್ಮಲ್ಲಿ ಘಾಣಾ ಅನ್ನುತ್ತಾರೆ, ವಡೆ ಕರಿಯುವವರ ಹಾಗೆ. ಒಂದು ಘಾಣಾಕ್ಕೆ ಒಂದೇ ತುಂಡು ನೋಡುವುದು, ಅದು ಪಾಸಾದರೆ ಎಲ್ಲವೂ ಪಾಸು. ಅವನ ಮಾಲನ್ನು ನಾನು ನೋಡುವಾಗ ಅಣ್ಣ ಹಿಂದೆ ಬಂದು ನಿಲ್ಲುತ್ತಿದ್ದ.

“ಹತ್ತನೇ ಕ್ಲಾಸಿನ್ಯಾಗ ಎರಡ ಸಲ ಫೇಲಾದೆ. ಈಗ ತಂಗಿ ಕೈಯಾಗ ಸಿಕ್ಕೀನಿ ನೋಡು.”

“ಹಂಗಾದ್ರ ಭಟ್ಟಿ ಬಾಗಲ ಕಡೇದು ಒಂದು ತಗೋತೀನಿ ಬಿಡಣ್ಣ.”

“ಏ ಬ್ಯಾಡವ್ವ. ಅವು ಮೊದಲ ಆರತಾವ, ಯಾವಾಗ್ಲೂ ಛಲೋನ ಕಾಣತಾವ. ನಡುವಿಂದು ತಗೋ.”

ಅವನ ಕೊನೆಯ ಘಾಣಾ ಒಂದು ತಟ್ಟೆಯಲ್ಲಿ ಹಾಗೇ ಇತ್ತು. ಅದು ಅದುರುವ ಯಂತ್ರಕ್ಕೆ ಹೋಗಬೇಕಾದ ಮಾಲು. ತೀರಿಕೊಂಡ ದಿನ ಮಧ್ಯಾಹ್ನ ಗ್ಯಾಸ್ ಬಿಡಲು ಸ್ಟೂಲಿನಿಂದ ಎದ್ದವನು ವಾಲ್ವ್ ಮುಟ್ಟುವ ಮೊದಲೇ ಕುಸಿದಿದ್ದ. ಇದ್ದವರೆಲ್ಲ ಅವನನ್ನು ಎತ್ತಿಕೊಂಡು ರಿಕ್ಷಾಕ್ಕೆ ಓಡಿದರು. ಭಟ್ಟಿಯ ನೆನಪು ಯಾರಿಗೂ ಆಗಲಿಲ್ಲ, ನನಗೂ ಆಗಲಿಲ್ಲ.

ನಮ್ಮ ಸೂಪರ್‌ವೈಸರ್ ಮಂಗಳೂರಿನ ಕಡೆಯವರು, ಒಳ್ಳೆಯ ಮನುಷ್ಯ. ತಟ್ಟೆಯ ಮುಂದೆ ನಾನು ನಿಂತದ್ದು ನೋಡಿ ಹತ್ತಿರ ಬಂದರು.

“ಬಾಗಿಲ ಬದಿಯದ್ದು ಒಂದು ನೋಡಿ ಪಾಸ್ ಮಾಡಿ ಮಾರಾಯ್ತಿ. ಅವನ ಕೊನೆಯ ಮಾಲು. ಗುಜರಿಗೆ ಹಾಕ್ಲಿಕ್ಕೆ ನನಗೆ ಮನಸ್ಸಿಲ್ಲ.”

ನನಗೂ ಇರಲಿಲ್ಲ. ಬಾಗಿಲ ಬದಿಯ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಅದನ್ನು ಪಾಸ್ ಮಾಡಿದರೆ ಉಳಿದವೆಲ್ಲ ಅಣ್ಣನ ಲೆಕ್ಕದಲ್ಲೇ ಹೋಗಿ ಎಲ್ಲೋ ಒಂದು ಯಂತ್ರದಲ್ಲಿ ಮುರಿಯುತ್ತವೆ. ಅದನ್ನು ಕೆಳಗಿಟ್ಟು ನಡುವಿನದನ್ನು ಕತ್ತರಿಸಿದೆ.

ಸೂಕ್ಷ್ಮದರ್ಶಕದಲ್ಲಿ ದಪ್ಪ ಪಟ್ಟಿಗಳು, ಉದ್ದಕ್ಕೂ. ನಾವು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಹೊತ್ತಿನಲ್ಲಿ ಇವು ನಿಧಾನವಾಗಿ ಬೆಳೆಯುತ್ತಿದ್ದವು.

‘ರಿಜೆಕ್ಟ್’ ಎಂದು ಬರೆದೆ. ಸೂಪರ್‌ವೈಸರ್ ಕಾರಣದ ಜಾಗ ತೋರಿಸಿದರು.

“ಫಾರ್ಮಲ್ಲಿ ಎರಡೇ ಉಂಟು. ಮೆಷಿನ್ ದೋಷ, ಇಲ್ಲದಿದ್ರೆ ಆಪರೇಟರ್ ತಪ್ಪು.”

“ಅದು ಅವನ ತಪ್ಪಲ್ರಿ ಸರ್.”

“ಗೊತ್ತುಂಟು. ಮತ್ತೆ ಎಂತ ಬರೆಯುವುದು?”

ಎರಡಕ್ಕೂ ಗುರುತು ಹಾಕಲಿಲ್ಲ. ಗ್ಯಾಸ್ ಬಿಡಲು ಹೋದ ಆಪರೇಟರ್ ವಾಲ್ವ್ ಹತ್ತಿರ ಕುಸಿದು ತೀರಿಕೊಂಡರು, ಬೇರೆ ಯಾರೂ ಗ್ಯಾಸ್ ಬಿಡಲಿಲ್ಲ ಎಂದು ಪಕ್ಕದ ಖಾಲಿ ಜಾಗದಲ್ಲಿ ಕೈಯಿಂದ ಬರೆದೆ. ಅವರು ಎರಡು ಸಲ ಓದಿ ಕೆಳಗೆ ಸಹಿ ಹಾಕಿದರು. ತಟ್ಟೆ ಭಾರವಿತ್ತು. ಗುಜರಿ ಡಬ್ಬದ ತನಕ ಇಬ್ಬರೂ ಹಿಡಿದುಕೊಂಡು ಹೋದೆವು.