ಶುಕ್ರವಾರದ ಫೈನಲ್

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಬರೆದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅಂಥವಳನ್ನು ಹಿಡಿದು ಗೋಲ್‌ಕೀಪರ್ ಮಾಡಿದ್ದು ನಮ್ಮ ಕೋಚ್. ಕಾರಣ ದೊಡ್ಡದೇನಲ್ಲ. ಹದಿಮೂರು ವರ್ಷದ ನನಗೆ ಸ್ಕೇಟ್ ಕಟ್ಟಿಕೊಂಡು ಜೋರಾಗಿ ಓಡಲು ಬರುತ್ತಿತ್ತು, ನಿಲ್ಲಲು ಬರುತ್ತಿರಲಿಲ್ಲ. ಮೂರು ಸಲ ನಮ್ಮ ತಂಡದವರನ್ನೇ ಗುದ್ದಿ ಕೆಡವಿದ ಮೇಲೆ, ಕೆನಡಾದಿಂದ ಬಂದಿದ್ದ ಆ ಹೆಂಗಸು ನನ್ನ ಭುಜ ಹಿಡಿದು ಗೋಲಿನ ಎರಡು ಕಂಬಗಳ ನಡುವೆ ನಿಲ್ಲಿಸಿ, ಇನ್ನು ಇಲ್ಲಿಂದ ಕದಲಬೇಡ ಎಂದರು. ನಾನು ಕದಲುತ್ತಲೇ ಇದ್ದೆ. ಕೋಲಿನಿಂದ ಒಂದು ಕಂಬಕ್ಕೊಮ್ಮೆ, ಇನ್ನೊಂದಕ್ಕೊಮ್ಮೆ ಬಡಿಯುತ್ತ, ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರಿನ ಗಟ್ಟಿ ಬಿಲ್ಲೆ ಯಾವಾಗ ಬರುತ್ತದೋ ಎಂದು ಚಡಪಡಿಸುತ್ತಿದ್ದೆ.

ಇದು ಕುವೈತಿನಲ್ಲಿ, ತೊಂಬತ್ತನೆಯ ಇಸವಿಯ ಮಾತು. ಮರಳುಗಾಡಿನಲ್ಲಿ ಐಸ್ ಹಾಕಿ ಎಂದರೆ ಮೈಸೂರಿನ ನೆಂಟರು ನಾನು ಬುರುಡೆ ಬಿಡುತ್ತಿದ್ದೇನೆ ಎಂದೇ ತಿಳಿದಿದ್ದರು. ಅಪ್ಪನಿಗೆ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಎಂಜಿನಿಯರ್ ಕೆಲಸ, ನಮಗೆ ಅಹ್ಮದಿಯಲ್ಲಿ ಕಂಪನಿಯ ಮನೆ. ಅಲ್ಲಿನ ಹುಡುಗಿಯರು ಸೇರಿ ಒಂದು ಕ್ಲಬ್ ಕಟ್ಟಿದ್ದೆವು. ಅಂಥವು ದೇಶದಲ್ಲಿ ಒಟ್ಟು ನಾಲ್ಕು. ನಾಲ್ಕಕ್ಕೂ ಸೇರಿ ಇದ್ದ, ಮಂಜುಗಡ್ಡೆ ಹಾಸಿದ ಐಸ್ ರಿಂಕ್ ಒಂದೇ, ಅದೂ ಕುವೈತ್ ಪಟ್ಟಣದಲ್ಲಿ. ಆ ನಾಲ್ಕು ಕ್ಲಬ್‌ಗಳು ಒಂದೇ ರಿಂಕಿನಲ್ಲಿ ಆಡಿದ ಪಂದ್ಯಗಳಿಗೆ ಇಟ್ಟ ಹೆಸರು ರಾಷ್ಟ್ರೀಯ ಚಾಂಪಿಯನ್‌ಶಿಪ್. ನಗುವವರು ನಗಲಿ. ನಾವು ಫೈನಲ್‌ಗೆ ಬಂದಿದ್ದೆವು.

ಹುಡುಗಿಯರ ಆಟ ನಡೆಯುತ್ತಿದ್ದುದು ರಿಂಕಿನ ಹೆಂಗಸರ ಸಮಯದಲ್ಲಿ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ ಅಪ್ಪ ಕಾರಿನ ಕಿಟಕಿಗೆ ಟವೆಲ್ ಇಳಿಬಿಟ್ಟು ಆ ಕುದಿಯುವ ಬಿಸಿಲಲ್ಲಿ ಕಾಯುತ್ತಿದ್ದರು. ಒಳಗೆ ಅಮ್ಮ ಸೀರೆಯ ಮೇಲೆ ಅಪ್ಪನ ಜಾಕೆಟ್, ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಮುದುಡಿ ಕೂತಿರುತ್ತಿದ್ದಳು. ಉಳಿದ ತಾಯಂದಿರು ಕೂಗುತ್ತಿದ್ದರು, ಬೆಂಚು ಗುದ್ದುತ್ತಿದ್ದರು. ಅಮ್ಮ ಮಾತ್ರ ತಲೆ ತುಸು ತಗ್ಗಿಸಿ, ತುಟಿ ಅಲ್ಲಾಡಿಸುತ್ತ, ಯಾವುದೋ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು. ನನ್ನ ಹಲ್ಲು ಮುರಿಯದಿರಲಿ ಎಂದು ಹರಕೆ ಹೊತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ಒಂದು ಸಲವೂ ಆಟ ನೋಡುವುದಿಲ್ಲ ಎಂದು ನನಗೆ ಸಿಟ್ಟಿತ್ತು.

ಪ್ರತಿ ಜುಲೈಯಲ್ಲಿ ನಾವು ರಜಕ್ಕೆ ಮೈಸೂರಿಗೆ ಹೋಗುವುದು ರೂಢಿ. ಆ ವರ್ಷವೂ ಟಿಕೆಟ್ ಬಂದಿತ್ತು. ಆದರೆ ಬಕ್ರೀದ್ ರಜೆಗೆ ಹೊರಗೆ ಹೋದವರೆಲ್ಲ ಮರಳಿ ಬರಲಿ ಎಂದು ಫೈನಲ್ ಅನ್ನು ಆಗಸ್ಟ್ ತಿಂಗಳ ಮೊದಲ ಶುಕ್ರವಾರಕ್ಕೆ ಇಟ್ಟುಬಿಟ್ಟರು. ನಮ್ಮ ಕ್ಲಬ್ಬಿಗೆ ಬೇರೆ ಗೋಲ್‌ಕೀಪರ್ ಇರಲಿಲ್ಲ. ನಾನು ಎರಡು ದಿನ ಊಟ ಬಿಟ್ಟೆ, ಬಾತ್‌ರೂಮಿನ ಚಿಲಕ ಹಾಕಿಕೊಂಡು ಅತ್ತೆ. ‘ಪ್ಲೀಸ್ ಅಪ್ಪ, ಜಸ್ಟ್ ಒನ್ ಮ್ಯಾಚ್’ ಎಂದು ಜಪಿಸಿದೆ. ಸಾಧ್ಯವೇ ಇಲ್ಲ ಎಂದಿದ್ದ ಅಪ್ಪ ಮೂರನೆಯ ದಿನ ಆಫೀಸಿನಿಂದ ಬಂದು, ಫೈನಲ್ ಮುಗಿದ ಮೇಲಿನ ಮಂಗಳವಾರಕ್ಕೆ ಟಿಕೆಟ್ ಬದಲಾಗಿದೆ ಎಂದರು. ನನ್ನ ಕಣ್ಣೀರಿಗೆ ಎಷ್ಟು ಶಕ್ತಿ ಇದೆ ಎಂದು ನಾನು ಬೀಗಿದೆ.

ಫೈನಲ್‌ಗೆ ಒಂದು ದಿನ ಇರುವಾಗ, ಗುರುವಾರ ಬೆಳಿಗ್ಗೆ, ಇರಾಕಿನ ಸೈನ್ಯ ಒಳಗೆ ಬಂತು. ಅಪ್ಪ ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದರು. ಅಮ್ಮ ಒಲೆ ಹಚ್ಚಿ, ಆರಿಸಿ, ಮತ್ತೆ ಹಚ್ಚುತ್ತಿದ್ದಳು. ಆಗ ನಾನು ಕೇಳಿದ ಮಾತು ಇವತ್ತಿಗೂ ನನ್ನ ಮೈ ಸುಡುತ್ತದೆ.

‘ಸೋ, ನಾಳೆ ಮ್ಯಾಚ್ ಇಲ್ವಾ?’

ಇಬ್ಬರೂ ನನ್ನನ್ನು ನೋಡಿದರು. ಮಧ್ಯಾಹ್ನದ ಹೊತ್ತಿಗೆ ನನಗೇ ಹೊಳೆಯಿತು: ಜುಲೈಯಲ್ಲಿ ಹೊರಟಿದ್ದರೆ ನಾವು ಈಗ ಮೈಸೂರಿನಲ್ಲಿ ಇರುತ್ತಿದ್ದೆವು. ನನ್ನಿಂದ ಇಲ್ಲಿ ಸಿಕ್ಕಿಬಿದ್ದಿದ್ದೇವೆ. ಇವರು ಯಾವ ಗಳಿಗೆಯಲ್ಲಾದರೂ ಅದನ್ನು ಬಾಯಿ ಬಿಟ್ಟು ಹೇಳುತ್ತಾರೆ ಎಂದು ಅಂದಿನಿಂದ ಕಾಯತೊಡಗಿದೆ. ಬಿಲ್ಲೆಗಾಗಿ ಕಾದದ್ದಕ್ಕಿಂತ ಕೆಟ್ಟ ಕಾಯುವಿಕೆ ಅದು.

ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಲ್ಲಿ ನಿಂತು ಲಟ್ಟಣಿಗೆಯಿಂದ ಎರಡೂ ಪಕ್ಕದ ಚೌಕಟ್ಟಿಗೆ ಬಡಿಯುತ್ತಿದ್ದೆ. ಸದ್ದು ಮಾಡಬೇಡ ಎಂದು ಅಪ್ಪ ಕೈ ಸನ್ನೆ ಮಾಡಿದರೆ ಎರಡು ನಿಮಿಷ ನಿಲ್ಲಿಸಿ ಮತ್ತೆ ಶುರು. ಅಮ್ಮನೂ ಏನು ಕಮ್ಮಿ ಇರಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು, ಮಡಿಸಿದ ಬಟ್ಟೆ ಬಿಚ್ಚಿ ಮಡಿಸುತ್ತಿದ್ದಳು.

ಮೂರನೆಯ ವಾರದಲ್ಲಿ ಸೈನಿಕರು ನಮ್ಮ ಕಾರು ಕೇಳಿದರು. ಬೀಗದ ಕೈ ಹುಡುಕಲು ಅಪ್ಪ ಸ್ವಲ್ಪ ತಡ ಮಾಡಿದರು, ಅಷ್ಟೆ. ಒಬ್ಬ ಬಂದೂಕಿನ ಹಿಡಿಯಿಂದ ಅವರ ಬಲಗಿವಿಗೆ ಹೊಡೆದ. ಕಿಟಕಿಯಿಂದ ನಾನು ನೋಡಿದೆ. ರಕ್ತ ಎರಡು ದಿನದಲ್ಲಿ ನಿಂತಿತು, ಆದರೆ ಆ ಕಿವಿ ಮತ್ತೆ ಕೇಳಿಸಲಿಲ್ಲ. ಈಗ ಹೇಳುತ್ತಾರೆ, ಈಗ ಹೇಳದೆ ಇರಲು ಸಾಧ್ಯವೇ ಇಲ್ಲ ಎಂದುಕೊಂಡೆ. ಅಪ್ಪ ಅಂದು ಸಂಜೆ ನನ್ನ ತಲೆ ಸವರಿ, ಗಣಿತದ ಪುಸ್ತಕ ತಾ ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಉಳ್ಳಾಲದ ಕಡೆಯ ಬ್ಯಾರಿಯೊಬ್ಬರು ಹತ್ತಿರದಲ್ಲೇ ದಿನಸಿ ಅಂಗಡಿ ಇಟ್ಟಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅಂಗಡಿ ಅರ್ಧ ಲೂಟಿಯಾಗಿದ್ದರೂ ನಮಗೆ ಅಕ್ಕಿ ತಂದುಕೊಡುತ್ತಿದ್ದವರು ಅವರೇ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಓಡಿಬಂದು, ಬಸ್ರಾ ಮಾರ್ಗವಾಗಿ ಬಾಗ್ದಾದಿಗೆ ಹೋಗುವ ಬಸ್ಸಿನಲ್ಲಿ ಮೂರು ಸೀಟು ಹಿಡಿದಿದ್ದೇನೆ ಎಂದರು.

‘ಯಲ್ಲಾ ಅಮ್ಮ, ಈಗಲೇ ಹೊರಡಿ. ನಾಳೆ ಬಸ್ ಉಂಟೋ ಇಲ್ವೋ ಹೇಳ್ಲಿಕ್ಕೆ ಆಗುದಿಲ್ಲ.’

ತಲೆಗೊಂದು ಚೀಲ. ಸ್ಕೇಟು ಹೇಗೂ ರಿಂಕಿನದು, ನನ್ನದೆಂದು ಇದ್ದದ್ದು ಕೋಲೊಂದೇ. ಅದನ್ನು ಬಾಗಿಲ ಹಿಂದೆ ಒರಗಿಸಿ ಬಂದೆ. ಬಾಗ್ದಾದ್, ಜೋರ್ಡಾನಿನ ಗಡಿ, ಅಲ್ಲಿನ ಡೇರೆಗಳಲ್ಲಿ ನೀರಿಗಾಗಿ ಸಾಲು, ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ. ದಾರಿಯುದ್ದಕ್ಕೂ ಅಪ್ಪ ಯಾರಾದರೂ ಮಾತಾಡಿಸಿದರೆ ತಲೆ ಪೂರ್ತಿ ತಿರುಗಿಸಿ ಎಡಗಿವಿ ಒಡ್ಡುತ್ತಿದ್ದರು. ಪ್ರತಿ ಸಲವೂ ನಾನು ಬೇರೆ ಕಡೆ ನೋಡುತ್ತಿದ್ದೆ.

ಮೈಸೂರಿನಲ್ಲಿ ದೊಡ್ಡಮ್ಮನ ಮನೆಯ ಮಹಡಿಯಲ್ಲಿ ಉಳಿದುಕೊಂಡೆವು. ಜುಲೈಯಲ್ಲಿ ಯಾಕೆ ಬರಲಿಲ್ಲ ಎಂದು ಬಂದವರೆಲ್ಲ ಕೇಳುವರು. ರಜ ಸಿಗಲಿಲ್ಲ ಎಂದು ಅಮ್ಮ ಸಲೀಸಾಗಿ ಹೇಳುವಳು. ಹಾಲಿಗೆ ನೀರು ಬೆರೆಸಿದ ಹಾಲಿನವನನ್ನೂ ಬಿಡದೆ ಜಾಡಿಸುತ್ತಿದ್ದ ಅಮ್ಮ ನನಗಾಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಹೊಸ ಶಾಲೆಯಲ್ಲಿ ಕೂರಲಾಗದೆ ನಾಲ್ಕು ಸಲ ಬೆಂಚಿನ ಮೇಲೆ ನಿಂತೆ.

ಮುಂದಿನ ಮಾರ್ಚಿನಲ್ಲಿ ಯುದ್ಧ ಮುಗಿದ ಸುದ್ದಿಯ ಜೊತೆಗೆ ಟೀವಿಯಲ್ಲಿ ಕುವೈತನ್ನು ತೋರಿಸಿದರು. ಎಣ್ಣೆ ಬಾವಿಗಳು ಉರಿಯುತ್ತಿದ್ದವು. ನಮ್ಮ ಅಹ್ಮದಿಯ ಮೇಲೆ ಹಗಲಲ್ಲೇ ಕತ್ತಲು. ಅಪ್ಪ ಎಡಗಿವಿಯನ್ನು ಟೀವಿಗೆ ಕೊಟ್ಟು ಓರೆಯಾಗಿ ಕೂತಿದ್ದರು. ಅದನ್ನು ನೋಡಿ ದೊಡ್ಡಮ್ಮ ನಿಟ್ಟುಸಿರು ಬಿಟ್ಟರು.

‘ಜುಲೈನಲ್ಲೇ ಬಂದುಬಿಟ್ಟಿದ್ರೆ ನಿಮ್ಮೆಜಮಾನ್ರ ಕಿವಿಯಾದ್ರೂ ಉಳೀತಿತ್ತು ಕಣೇ.’

‘ರಜ ಕೊಡ್ಲಿಲ್ಲವಲ್ಲ ಅಕ್ಕ’ ಎಂದು ಅಮ್ಮ ಎದ್ದು ಅಡುಗೆಮನೆಗೆ ಹೋದಳು.

ನಾನು ಹಿಂದೆಯೇ ಹೋದೆ. ಅವಳು ಬೇಳೆ ತೊಳೆಯುತ್ತಿದ್ದಳು. ನೀರು ಆಗಲೇ ತಿಳಿಯಾಗಿತ್ತು, ಆದರೂ ಚೆಲ್ಲಿ ಮತ್ತೆ ಹಿಡಿದಳು. ಏಳು ತಿಂಗಳಿನಿಂದ ಬಚ್ಚಿಟ್ಟುಕೊಂಡಿದ್ದನ್ನು ಹೇಳಿಯೇಬಿಟ್ಟೆ.

‘ಯಾಕಮ್ಮ ಸುಳ್ಳು ಹೇಳ್ತೀಯ? ನನ್ನಿಂದ ಆಗಿದ್ದು ಅಂತ ಹೇಳಿಬಿಡು. ನಾನು ಅತ್ತಿದ್ದಕ್ಕೆ ಅಪ್ಪ ಟಿಕೆಟ್ ಬದಲಾಯಿಸಿದ್ದು.’

ಅಮ್ಮ ನಲ್ಲಿ ನಿಲ್ಲಿಸಿದಳು.

‘ನೀನು ಅತ್ತಿದ್ದಕ್ಕೆ ಅವರು ಜಗ್ಗಲಿಲ್ಲ. ಹಟ ಮಾಡ್ತಾಳೆ, ಎರಡು ದಿನಕ್ಕೆ ಸರಿಹೋಗ್ತಾಳೆ ಅಂದ್ರು. ಬದಲಾಯಿಸಿ ಅಂತ ಕೈ ಮುಗಿದು ಕೇಳಿದ್ದು ನಾನು.’

ನೀನು ಒಂದು ಸಲವೂ ಆಟ ನೋಡಿದವಳಲ್ಲ, ಕೂತು ದೇವರ ಹೆಸರು ಹೇಳುತ್ತಿದ್ದೆ ಎಂದು ಹೇಗೋ ತೊದಲಿದೆ.

‘ದೇವರ ಹೆಸರಲ್ಲ ಕಣೇ. ಎಡಕ್ಕೆ, ಎಡಕ್ಕೆ ಅಂತಿದ್ದೆ’ ಎಂದಳು ಅಮ್ಮ. ‘ಬಿಲ್ಲೆ ಬರೋ ಹೊತ್ತಿಗೆ ನೀನು ಯಾವಾಗ್ಲೂ ಬಲಗಡೆ ಕಂಬಕ್ಕೆ ಅಂಟಿಕೊಂಡು ನಿಲ್ತಿದ್ದೆ. ಹೋದ ಗೋಲೆಲ್ಲ ಎಡಗಡೆಯಿಂದ ಹೋದವು. ಅಷ್ಟು ಜನರ ಮುಂದೆ ಕೂಗೋಕೆ ನಂಗೆ ನಾಚಿಕೆ. ಫೈನಲ್ ದಿನ ಮಾತ್ರ, ಏನಾದ್ರೂ ಆಗ್ಲಿ, ಎದ್ದು ನಿಂತು ಕೂಗಿಬಿಡೋಣ ಅಂತಿದ್ದೆ.’